ಎಲ್ಡನ್ ಮುಟ್ಟಿದ ಪಟ್ಟಿ

ಮರಗೆಲಸಕ್ಕೆ ಬಳಸುವ ತನ್ನ ನೇರ ಮೇಪಲ್ ಮರದ ಪಟ್ಟಿಯನ್ನು ಪಕ್ಕದ ಮನೆಯ ಎಲ್ಡನ್ ಹಾಳು ಮಾಡಿದ್ದಾನೆಂದು ವರ್ಲಿನ್‌ಗೆ ಖಾತ್ರಿಯಾಗಿತ್ತು. ಅದೂ ಬೇಕೆಂದೇ. ಇಡೀ ಮಿನೆಸೋಟ ರಾಜ್ಯದಲ್ಲಿ ಎಲ್ಡನ್‌ನಷ್ಟು ನಯವಾಗಿ ನಗುವವರಿರಲಿಲ್ಲ; ನಯವಾಗಿ ನಗುವವರನ್ನು ವರ್ಲಿನ್ ನಂಬುತ್ತಿರಲಿಲ್ಲ. (ನಗದವರನ್ನೂ ನಂಬುತ್ತಿರಲಿಲ್ಲ, ಆ ಮಾತು ಬೇರೆ.)

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಹೆಂಡತಿ ಆರ್ಡಿಸ್‌ಳ ತವರಿನವರೆಲ್ಲ ಬರುವವರಿದ್ದರು. ಅವರಿಗಾಗಿ ಎಂಟಡಿ ಉದ್ದದ ಮೇಜನ್ನು ಸ್ವಹಸ್ತದಿಂದ ನಿರ್ಮಿಸುವೆನೆಂದು ವರ್ಲಿನ್ ಅತ್ತೆಯ ಎದುರಿಗೇ ಪ್ರತಿಜ್ಞೆ ಮಾಡಿದ್ದ. ಇರಲಿ, ತಾನೊಂದು ಮಡಚುವ ಮೇಜು ತಂದಿರುತ್ತೇನೆ ಎಂದಿದ್ದಳು ಅತ್ತೆ. ಆ ಮಡಚುವ ಮೇಜು ಹೊಸ್ತಿಲು ದಾಟಿದರೆ ತನ್ನ ಮಾನ ಹೋದಂತೆಯೇ ಎಂದು ಅಳಿಯನ ಲೆಕ್ಕ.

ಹಲಗೆಗಳನ್ನು ಜೋಡಿಸಿ ಅಂಟಿಸಬೇಕಾದರೆ ಅಂಚು ನೆಟ್ಟಗಿರಬೇಕು. ಪಟ್ಟಿಯನ್ನು ಹಲಗೆಗೆ ಬಿಗಿದು ರೌಟರ್ ಯಂತ್ರವನ್ನು ಅದರ ಗುಂಟ ಓಡಿಸಿದರೆ, ತಿರುಗುವ ಅಲಗು ಹಲಗೆಯ ಅಂಚನ್ನು ಪಟ್ಟಿಯ ಹಾಗೆಯೇ ಸವರುತ್ತದೆ. ವರ್ಲಿನ್ ಗ್ಯಾರೇಜಿನಲ್ಲಿ ಓಡಿಸಿದ. ಅಂಚು ಬೆಣ್ಣೆಯಂತೆ ನುಣ್ಣಗಾಯಿತು. ಆದರೆ ಎರಡು ಹಲಗೆ ಜೋಡಿಸಿದರೆ ತುದಿಗಳು ಕೂಡುತ್ತವೆ, ನಡುವೆ ಬೆಳಕು ಕಾಣುತ್ತದೆ. ಮತ್ತೆ ಸವರಿದ. ಹಲಗೆ ಕಿರಿದಾಯಿತೇ ಹೊರತು ಸಂದು ಹೋಗಲಿಲ್ಲ.

ಬೇಸಿಗೆಯಲ್ಲಿ ಪಟ್ಟಿಯನ್ನು ಎರವಲು ಒಯ್ದಿದ್ದವನು ಎಲ್ಡನ್. ಅದರಂತೆಯೇ ತನಗೊಂದು ಮಾಡಿಕೊಂಡು, ಒಂದು ಬುಟ್ಟಿ ಟೊಮೆಟೊ ಸಮೇತ ಹಿಂತಿರುಗಿಸಿದ್ದ. ತಪ್ಪು ಮಾಡದವನು ಟೊಮೆಟೊ ಏಕೆ ಕೊಡುತ್ತಾನೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು!

ವರ್ಲಿನ್ ಪಟ್ಟಿಯ ಗುಂಟ ನೆಲದ ಮೇಲೆ ಗೆರೆ ಎಳೆದ. ಪಟ್ಟಿಯನ್ನು ಮಗುಚಿಟ್ಟು ಇನ್ನೊಂದು ಎಳೆದ. ಒಂದರ ಮೇಲೊಂದು ಕೂರಬೇಕಾದ ಗೆರೆಗಳು ನಡುವೆ ಹೊಟ್ಟೆ ಬಿಟ್ಟಿದ್ದವು. ಸಾಕ್ಷಿ ಸಿಕ್ಕಿತೆಂದು ಹೆಂಡತಿಯನ್ನು ಕರೆತಂದ.

"ಅವನು ತಂದುಕೊಟ್ಟ ದಿನಾನೂ ನೀನು ಹೀಗೇ ಗೆರೆ ಎಳೆದು ನೋಡಿದ್ಯಲ್ಲ," ಎಂದಳು ಆರ್ಡಿಸ್. "ನೆಟ್ಟಗೇ ಇತ್ತು."

"ಆಗ ಇತ್ತು. ಆಮೇಲೇನೋ ಮಾಡಿದಾನೆ."

"ಆಮೇಲೆ ಅವನ ಕಣ್ಣಿಗೆ ಬೀಳಬಾರ್ದು ಅಂತ ಎಲ್ಲಿ ಬಚ್ಚಿಟ್ಟೆ?"

ವರ್ಲಿನ್‌ನ ದನಿ ಇಳಿಯಿತು. "ಕೆಳಗೆ, ಫರ್ನೇಸ್ ಹಿಂದೆ."

"ಅಲ್ಲಿಟ್ಟ ನಿನ್ನ ಒದ್ದೆ ಬೂಟೇ ಆ ಬಿಸಿಗೆ ಒಣಗಿ ಸೊಟ್ಟಗಾಯ್ತು. ಇನ್ನು ಮರ ಬಿಡುತ್ತಾ? ಹೋಗು, ಅವನ ಪಟ್ಟಿ ಕೇಳ್ಕೊಂಡು ಬಾ."

ಹೋಗದೆ ವಿಧಿಯಿರಲಿಲ್ಲ. ಎಲ್ಡನ್ ನಯವಾಗಿ ನಕ್ಕು ಕೊಟ್ಟ. ವರ್ಲಿನ್‌ಗೆ ಆ ನಗುವನ್ನೂ ಸಹಿಸಲಾಗಲಿಲ್ಲ. ಆದರೂ ಅಂಚುಗಳು ಕೂದಲೆಳೆಯೂ ತೂರದಂತೆ ಕೂಡಿದವು, ಮೇಜು ಎದ್ದು ನಿಂತಿತು, ಅತ್ತೆಯ ಮಡಚುವ ಮೇಜು ಕಾರಿನಲ್ಲೇ ಉಳಿಯಿತು.

ಹಬ್ಬದ ಮರುದಿನ ವರ್ಲಿನ್ ಪಟ್ಟಿಯನ್ನು ಹಿಂತಿರುಗಿಸಲು ಹೋದ. ಬರಿಗೈಲಿ ಹೋಗುವುದೆಂತು ಎಂದು, ಹಬ್ಬದ ಸಿಹಿಯಲ್ಲಿ ಉಳಿದಿದ್ದ ಕುಂಬಳಕಾಯಿ ಪೈಯನ್ನೂ ಒಯ್ದ.

ಎಲ್ಡನ್ ಪೈಯನ್ನು ನೋಡಿದ. ವರ್ಲಿನ್‌ನ ಮುಖವನ್ನು ನೋಡಿದ. ಈ ಸಲ ನಗಲಿಲ್ಲ.

"ಪೈ ಯಾಕೆ ಮಾರಾಯ?" ಎಂದವನೇ ಪಟ್ಟಿಯನ್ನು ನೆಲದ ಮೇಲಿಟ್ಟು, ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದ.