ಅಡುಗೆ ಈರಭದ್ರಪ್ಪನವರ ವೆಬ್‌ಸೈಟು

ಈರಭದ್ರಪ್ಪ: ಎಷ್ಟು ಸಲ ಹೇಳ್ಲಮ್ಮಾ ನಿನಗೆ? ಮೆನುವಿನಲ್ಲಿ ಮೊದಲು ಉಪ್ಪು, ಆಮೇಲೆ ಉಪ್ಪಿನಕಾಯಿ, ಆಮೇಲೆ ಕೋಸಂಬರಿ. ನೀನು ಅದೇನೋ ಮುಖಪುಟದಿಂದ ಶುರು ಮಾಡಿದೀಯ. ಎಲೆ ಮೇಲೆ ಮುಖಪುಟ ಯಾರು ಬಡಿಸ್ತಾರೆ?

ಅಮೂಲ್ಯಾ: ಯಜಮಾನ್ರೇ, ಇದು ಊಟದ ಮೆನು ಅಲ್ಲ. ವೆಬ್‌ಸೈಟಿನ ಮೆನು. ಮೇಲ್ಗಡೆ ಒಂದು ಸಾಲಲ್ಲಿ ಇರುತ್ತೆ. ಮುಖಪುಟ, ನಮ್ಮ ಬಗ್ಗೆ, ನಮ್ಮ ಸೇವೆ, ಸಂಪರ್ಕ. ಯಾವುದನ್ನ ಒತ್ತಿದ್ರೆ ಆ ಪುಟ ತೆರೆಯುತ್ತೆ.

ಈರಭದ್ರಪ್ಪ: ಮೂವತ್ತು ವರ್ಷದಿಂದ ಮೆನು ಬರೀತಿದೀನಿ ಕಣಮ್ಮ. ಸಂಪರ್ಕ ಅನ್ನೋ ಐಟಮ್ಮು ಯಾವ ಮದುವೇಲೂ ಯಾರೂ ಕೇಳಿಲ್ಲ.

ಕರಿಬಸಮ್ಮ: ಪಾಯಸ ಆದ್ಮೇಲೆ ಬಡಿಸಮ್ಮ ಅದನ್ನ. ತಿನ್ನೋರು ತಿಂತಾರೆ.

ಅಮೂಲ್ಯಾ ಪೆನ್ಸಿಲ್ ಕೆಳಗಿಟ್ಟು ಒಂದು ಲೋಟ ನೀರು ಕುಡಿದಳು. ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ, ಪಂಪ್‌ಸೆಟ್ ರಿಪೇರಿ ಅಂಗಡಿಯ ಮಹಡಿ ಮೇಲೆ ಅವಳದೊಂದು ಕಂಪ್ಯೂಟರ್ ಅಂಗಡಿ. ಮೂರು ವರ್ಷದಿಂದ ಲಗ್ನಪತ್ರಿಕೆ, ಹುಟ್ಟುಹಬ್ಬದ ಫ್ಲೆಕ್ಸು, ಪಹಣಿ ಅರ್ಜಿ ಟೈಪು ಮಾಡಿ ಮಾಡಿ ಬೇಸತ್ತು, ಹೋದ ತಿಂಗಳಷ್ಟೇ ಬಾಗಿಲಿಗೆ 'ವೆಬ್‌ಸೈಟ್ ಮಾಡಿಕೊಡಲಾಗುವುದು' ಅಂತ ಒಂದು ಚೀಟಿ ಅಂಟಿಸಿದ್ದಳು. ಆ ಚೀಟಿ ಓದಿಕೊಂಡು ಮೆಟ್ಟಿಲು ಹತ್ತಿದ ಮೊದಲ ಗಿರಾಕಿ ಇವರೇ. ಶಿವನಿಯ ಅಡುಗೆ ಕಂಟ್ರಾಕ್ಟರ್ ಈರಭದ್ರಪ್ಪ, ಜೊತೆಗೆ ಹೆಂಡತಿ ಕರಿಬಸಮ್ಮ. ಅಜ್ಜಂಪುರದಿಂದ ಕಡೂರಿನವರೆಗೆ ಯಾರ ಮನೇಲಿ ಮದುವೆಯಾದರೂ 'ಅಡುಗೆ ಈರಭದ್ರಪ್ಪಂದಾ?' ಅಂತ ಕೇಳಿಯೇ ಜನ ಊಟಕ್ಕೆ ಕೂರುವುದು. ಇಂಥವರ ವೆಬ್‌ಸೈಟು ಚೆನ್ನಾಗಿ ಬಂದರೆ ಅಮೂಲ್ಯಳ ಹಣೆಬರಹವೇ ಬದಲಾದೀತು. ಕೆಟ್ಟರೆ ಮತ್ತೆ ಪಹಣಿ ಅರ್ಜಿ. ಆದ್ದರಿಂದ ಅವಳು ನಗು ತಂದುಕೊಂಡು ಹೊಸ ಹಾಳೆ ತೆಗೆದಳು.

ಅಮೂಲ್ಯಾ: ಮೆನು ಆಮೇಲೆ ನೋಡೋಣ. ಈ ವೆಬ್‌ಸೈಟನ್ನ ಯಾರು ನೋಡ್ಬೇಕು ಅಂತ ನಿಮ್ಮ ಆಸೆ? ಅದನ್ನ ಹೇಳಿ.

ಈರಭದ್ರಪ್ಪ: ಎಲ್ರೂ ನೋಡ್ಬೇಕು! ಶಿವಮೊಗ್ಗದೋರು, ದಾವಣಗೆರೆಯೋರು, ಬೆಂಗಳೂರಿನೋರು...

ಕರಿಬಸಮ್ಮ: ದಿಲ್ಲಿ ಬಿಟ್ಬಿಟ್ರಲ್ಲ. ಪಾಪ, ಅವರೇನು ತಪ್ಪು ಮಾಡಿದ್ರು?

ಈರಭದ್ರಪ್ಪ: ನೀನು ಸುಮ್ನಿರೇ. ದಿನಕ್ಕೆ ಎಷ್ಟು ಜನ ಬರಬಹುದಮ್ಮ ವೆಬ್‌ಸೈಟಿಗೆ?

ಅಮೂಲ್ಯಾ: ಮೊದಮೊದಲು ಇಪ್ಪತ್ತು ಮೂವತ್ತು ಜನ ಬರಬಹುದು.

ಕರಿಬಸಮ್ಮ: ಇಪ್ಪತ್ತು ಮೂವತ್ತಾ? ದಿನಾನೂನಾ? ಅಷ್ಟೂ ಜನಕ್ಕೆ ಟೀ ಕಾಯ್ಸೋರು ಯಾರು?

ಅಮೂಲ್ಯಾ: ಮನೆಗೆ ಬರಲ್ಲಮ್ಮ. ಅವರವರ ಮನೇಲಿ ಕೂತ್ಕೊಂಡೇ ಫೋನಲ್ಲಿ ನೋಡಿ ಹೋಗ್ತಾರೆ.

ಕರಿಬಸಮ್ಮ: ಹಂಗಾರೆ ಸರಿ. ನೋಡಿ ಹೋಗ್ಲಿ. ಹೋಗೋದು ಮುಖ್ಯ.

ಈ ಮಾತಿನಲ್ಲಿ ಏನೋ ಇದೆ ಅಂತ ಅಮೂಲ್ಯಳಿಗೆ ಅನ್ನಿಸಿತು. ಆದರೆ ಈರಭದ್ರಪ್ಪ ಆಗಲೇ ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ತಿದ್ದಿಕೊಳ್ಳುತ್ತಿದ್ದರು. ಫೋಟೋ ಈಗಲೇ ತೆಗೀತಾರೆ ಅಂತ ಅವರ ಲೆಕ್ಕ.

ಅಮೂಲ್ಯಾ: 'ನಮ್ಮ ಬಗ್ಗೆ' ಅನ್ನೋ ಪುಟಕ್ಕೆ ನಾಲ್ಕು ಸಾಲು ಬೇಕು. ನಿಮ್ಮ ಅಡುಗೇಲಿ ಹೆಸರುವಾಸಿಯಾದ್ದು ಯಾವುದು?

ಈರಭದ್ರಪ್ಪ: ಎಣ್ಣೆಗಾಯಿ! ಬರ್ಕೋ. ಈರಭದ್ರಪ್ಪನವರ ಎಣ್ಣೆಗಾಯಿ.

ಅಮೂಲ್ಯಾ: ಅದಕ್ಕೆ ಏನೇನು ಹಾಕ್ತೀರಿ? ಓದಿದ್ರೆ ಬಾಯಲ್ಲಿ ನೀರು ಬರೋ ಹಂಗಿರ್ಬೇಕು.

ಈರಭದ್ರಪ್ಪ: ಹಾಕೋದಾ? ಬದನೆಕಾಯಿ.

ಅಮೂಲ್ಯಾ: ಹೂಂ. ಆಮೇಲೆ?

ಈರಭದ್ರಪ್ಪ: ಎಣ್ಣೆ.

ಅಮೂಲ್ಯಾ ಪೆನ್ಸಿಲ್ ಹಿಡಿದು ಕಾದಳು. ಈರಭದ್ರಪ್ಪ ಸೂರು ನೋಡಿದರು, ಫ್ಯಾನ್ ನೋಡಿದರು, ಕೊನೆಗೆ ಹೆಂಡತಿಯನ್ನು ನೋಡಿದರು. ಕರಿಬಸಮ್ಮ ಕಿಟಕಿಯಾಚೆ ಕಡೂರು ಬಸ್ಸು ಹಿಂದಕ್ಕೆ ತೆಗೆಯುವುದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ಅಷ್ಟರಲ್ಲಿ ಈರಭದ್ರಪ್ಪನವರ ಫೋನು ಬಡಿದುಕೊಂಡಿತು. ಬದುಕಿದೆ ಅನ್ನುವಂತೆ 'ಹಲೋ ಹಲೋ' ಅನ್ನುತ್ತಾ ಮೆಟ್ಟಿಲ ಕಡೆ ಓಡಿದರು.

ಅವರ ಬೆನ್ನು ಮರೆಯಾದದ್ದೇ ತಡ, ಕರಿಬಸಮ್ಮ ಕುರ್ಚಿ ಎಳೆದುಕೊಂಡು ಮೇಜಿಗೆ ಬಂದರು.

ಕರಿಬಸಮ್ಮ: ನೋಡು ತಾಯೀ, ನಿನಗೆ ಪುಣ್ಯ ಬರ್ಲಿ. ಯಾರ ಕಣ್ಣಿಗೂ ಬೀಳದಂಗೆ ಒಂದು ವೆಬ್‌ಸೈಟು ಮಾಡ್ಕೊಡು.

ಅಮೂಲ್ಯಾ: ಅಂದ್ರೆ?

ಕರಿಬಸಮ್ಮ: ಅವರ ಫೋಟೋ ಇರ್ಲಿ, ಹೆಸರಿರ್ಲಿ, ಬಣ್ಣಬಣ್ಣವಾಗಿರ್ಲಿ. ಆದ್ರೆ ಅವರೊಬ್ರಿಗೆ ಬಿಟ್ಟು ಇನ್ಯಾರಿಗೂ ಕಾಣ್ಬಾರ್ದು. ಆಗಲ್ವಾ?

ಅಮೂಲ್ಯಾ: ಅಮ್ಮಾ, ಕಾಣಲಿ ಅಂತಾನೇ ವೆಬ್‌ಸೈಟು ಮಾಡೋದು! ಯಾಕೆ, ಅಡುಗೆ ಆರ್ಡರು ಜಾಸ್ತಿ ಬಂದ್ರೆ ಬೇಡ್ವಾ ನಿಮಗೆ?

ಕರಿಬಸಮ್ಮ: ಬರೋದು ಅವರಿಗೆ. ಬೇಯ್ಸೋಳು ನಾನು. ಅವರಿಗೆ 'ಇಲ್ಲ' ಅನ್ನೋ ಮಾತೇ ಬರಲ್ಲ ಕಣವ್ವ. ಯಾರು ಕೇಳಿದ್ರೂ 'ಆಯ್ತು ಬನ್ನಿ'. ಹೋದ ವೈಶಾಖದಲ್ಲಿ ಒಂದೇ ದಿನಕ್ಕೆ ಮೂರು ಒಪ್ಕೊಂಡ್ರು. ಅಜ್ಜಂಪುರದಲ್ಲಿ ಒಗ್ಗರಣೆ ಹಾಕಿ, ಲಗೇಜ್ ಆಟೋದಲ್ಲಿ ಸೌಟು ಹಿಡ್ಕೊಂಡು ಬೀರೂರಿಗೆ ಹೋದೆ. ಅಲ್ಲಿಂದ ಕಡೂರು. ಅವತ್ತೇ ನನ್ನ ಮಗಳ ಸೀಮಂತ.

ಅಮೂಲ್ಯಾ: ಹೋಗ್ಲಿಲ್ವಾ?

ಕರಿಬಸಮ್ಮ: ಅವಳು ಹಸಿರು ಸೀರೆ ಉಟ್ಕೊಂಡು ಬಾಗಿಲ ಕಡೆ ನೋಡ್ತಾ ಕೂತಿದ್ಳಂತೆ. ನಾನು ಕಡೂರಲ್ಲಿ ಯಾರದೋ ಮಗಳ ಮದುವೇಗೆ ಬೂಂದಿ ಕರೀತಿದ್ದೆ.

ಪೆನ್ಸಿಲ್ ಹಿಡಿದ ಅಮೂಲ್ಯಳಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಒಬ್ಬರಿಗೆ ಊರೆಲ್ಲ ನೋಡಬೇಕು, ಇನ್ನೊಬ್ಬರಿಗೆ ಒಂದು ನರಪಿಳ್ಳೆಯೂ ನೋಡಬಾರದು. ಇಂಥ ವೆಬ್‌ಸೈಟನ್ನು ಅವಳು ಕಲಿತ ಕೋರ್ಸಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಈರಭದ್ರಪ್ಪ ಗೆದ್ದ ಮುಖ ಹೊತ್ತು ಒಳಗೆ ಬಂದರು.

ಈರಭದ್ರಪ್ಪ: ವೆಬ್‌ಸೈಟಿನ ಕಾಲ್ಗುಣ ನೋಡಮ್ಮ! ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಒಂದು ಬಂತು. ಇದೇ ಊರಿನ ತಿಮ್ಮರಾಯಪ್ಪನ ಮಗನ ಮದುವೆ. ಹದಿನಾಲ್ಕಕ್ಕೆ. ಆಯ್ತು ಅಂದ್ಬಿಟ್ಟೆ.

ಕರಿಬಸಮ್ಮ: ಹದಿನಾಲ್ಕಕ್ಕೆ ಅಂತರಘಟ್ಟೆಯೋರ ಗೃಹಪ್ರವೇಶ ಐತಲ್ರೀ?

ಈರಭದ್ರಪ್ಪ: ಅದು ಗೃಹಪ್ರವೇಶ ಕಣೇ. ಇದು ಮದುವೆ.

ಕರಿಬಸಮ್ಮ: ಎರಡಕ್ಕೂ ಊಟ ಮಧ್ಯಾಹ್ನವೇ ಅಲ್ವಾ? ಇಲ್ಲಾ, ಅಂತರಘಟ್ಟೆಯೋರು ಮನೆ ನೋಡ್ಕೊಂಡೇ ಹೊಟ್ಟೆ ತುಂಬಿಸ್ಕೋತಾರಾ?

ಈರಭದ್ರಪ್ಪ: ಹೆಂಗೋ ಆಗುತ್ತೆ ಬಿಡೇ.

ಕರಿಬಸಮ್ಮ: ಆ 'ಹೆಂಗೋ' ಅಂದ್ರೆ ನಾನೇ ಕಣ್ರೀ.

ಅಮೂಲ್ಯಳಿಗೆ ಆಗ ಹೊಳೆಯಿತು. ಹಾಳೆ ತಿರುವಿ, ಹಿಂದುಗಡೆ ಗೆರೆ ಎಳೆದು ಮೂವತ್ತು ಮನೆ ಮಾಡಿ, ಹದಿನಾಲ್ಕನೇ ಮನೆಗೆ ಕೆಂಪು ಬಳಿದಳು.

ಅಮೂಲ್ಯಾ: ಯಜಮಾನ್ರೇ, ಇದಕ್ಕೆ ಬುಕಿಂಗ್ ಕ್ಯಾಲೆಂಡರ್ ಅಂತಾರೆ. ಇದನ್ನೂ ಹಾಕೋಣ. ಅಡುಗೆ ಬೇಕಾದೋರು ಇದರಲ್ಲಿ ತಾರೀಕು ಆರಿಸಿ, ಎಲೆ ಎಷ್ಟು, ಊರು ಯಾವುದು ಅಂತ ಬರೆದು ಕಳಿಸ್ತಾರೆ. ಕೆಂಪಾದ ದಿನ ಕೊಡೋಕೇ ಬರಲ್ಲ.

ಈರಭದ್ರಪ್ಪ: ಭೇಷ್! ಕಳಿಸಿದ ತಕ್ಷಣ ನಾವು 'ಆಯ್ತು' ಅಂದಂಗೇನಾ?

ಅಮೂಲ್ಯಾ: ಇಲ್ಲ. ಪಾಸ್‌ವರ್ಡ್ ಇರೋರು ನೋಡಿ, 'ಒಪ್ಪಿಗೆ' ಅನ್ನೋ ಗುಂಡಿ ಒತ್ತಬೇಕು. ಒತ್ತಿದ್ರೆ ಉಂಟು. ಇಲ್ಲಾಂದ್ರೆ ಇಲ್ಲ.

ಕರಿಬಸಮ್ಮ ಕಿಟಕಿ ಬಿಟ್ಟು ಇತ್ತ ತಿರುಗಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ದೊಡ್ಡ ಕೊಪ್ಪರಿಗೆ ಇಳಿಸುವ ಮುಂಚೆ ಅವರು ಹೀಗೇ ಮಾಡುವುದು.

ಕರಿಬಸಮ್ಮ: ಆ ಪಾಸ್‌ವರ್ಡು ಎಷ್ಟು ಜನದ ಹತ್ರ ಇರ್ಬೇಕವ್ವ?

ಅಮೂಲ್ಯಾ: ಒಬ್ಬರ ಹತ್ರ ಇದ್ರೆ ಸಾಕು.

ಕರಿಬಸಮ್ಮ: ಅವರನ್ನ ಬಿಟ್ಟು ಬೇರೆ ಯಾರಾದ್ರೂ ದಾರೀಲಿ, ಬಸ್ಸಲ್ಲಿ, ಕ್ಷೌರದಂಗಡೀಲಿ 'ಆಯ್ತು' ಅಂದ್ರೆ?

ಅಮೂಲ್ಯಾ: ಲೆಕ್ಕಕ್ಕಿಲ್ಲ.

ಕರಿಬಸಮ್ಮ: ಮಾಡು ಮತ್ತೆ! ಬೇಗ ಮಾಡು! ಶಿವಮೊಗ್ಗ ದಾವಣಗೆರೆಗೆಲ್ಲ ಕಾಣಂಗೆ ಮಾಡು! ದಿಲ್ಲೀಗೂ ಕಾಣ್ಲಿ!

ಈರಭದ್ರಪ್ಪ: ಅಲ್ಲಾ... ತಡಿಯಮ್ಮ. ಅಷ್ಟೊಂದು ಅವಸರ ಏನಿಲ್ಲ. ಯೋಚ್ನೆ ಮಾಡಿದ್ರೆ, ಈ ವೆಬ್‌ಸೈಟು ಗಿಬ್‌ಸೈಟು ಎಲ್ಲಾ ನಮ್ಮಂಥೋರಿಗೆ ಯಾಕೆ? ಹಳ್ಳಿ ಜನ ನಾವು.

ಕರಿಬಸಮ್ಮ: ಈಗ ತಾನೇ ಬೆಂಗಳೂರು ಅಂತಿದ್ರಿ?

ಈರಭದ್ರಪ್ಪ: ಮೂವತ್ತು ವರ್ಷದಿಂದ ಕೇಳ್ದೋರಿಗೆಲ್ಲ ಒಪ್ಕೊಂಡೋನು ನಾನು. ಈಗ ಒಂದು ಗುಂಡೀನ ಕೇಳ್ಬೇಕಾ?

ಕರಿಬಸಮ್ಮ: ಎಣ್ಣೆಗಾಯಿಗೆ ಮೂರನೇ ಸಾಮಾನು ಏನು ಹಾಕ್ತಾರೆ ಅಂತ ಹೇಳಿ. ಗುಂಡಿ ನಿಮಗೇ ಬಿಟ್ಟೆ.

ಈರಭದ್ರಪ್ಪ ಮತ್ತೆ ಫ್ಯಾನ್ ನೋಡಿದರು. ಮುಖ ಎಷ್ಟು ಸಣ್ಣಗಾಯಿತೆಂದರೆ ಅಮೂಲ್ಯಳಿಗೇ ಅಯ್ಯೋ ಅನ್ನಿಸಿತು. ನಿಜ ಹೇಳಬೇಕೆಂದರೆ ಮನುಷ್ಯ ಕೆಟ್ಟವನಲ್ಲ. ಎದುರಿಗಿದ್ದವರ ಮೋರೆ ಬಾಡಿಸಲಾಗದ ದಾಕ್ಷಿಣ್ಯದ ಪಿಂಡ, ಅಷ್ಟೇ.

ಅಮೂಲ್ಯಾ: ಯಜಮಾನ್ರೇ, ಒಂದು ಅನುಕೂಲ ಇದೆ. 'ಆಗಲ್ಲ' ಅಂತ ಇನ್ಮೇಲೆ ನೀವು ಹೇಳೋದೇ ಬೇಡ. 'ಕಂಪ್ಯೂಟರ್ ಒಪ್ತಿಲ್ಲ' ಅಂದ್ಬಿಡಿ.

ಈರಭದ್ರಪ್ಪ: ಹಂಗನ್ಬಹುದಾ?

ಅಮೂಲ್ಯಾ: ಬ್ಯಾಂಕಿನೋರು, ಆಫೀಸಿನೋರು ಎಲ್ಲಾ ಅನ್ನೋದು ಅದನ್ನೇ. ಯಾರೂ ಬೇಜಾರು ಮಾಡ್ಕೊಳಲ್ಲ.

ಈರಭದ್ರಪ್ಪನವರ ಮುಖ ಒಂದಿಷ್ಟು ಅರಳಿತು. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಅಲ್ಲೇ ಫೋನು ತೆಗೆದು ತಿಮ್ಮರಾಯಪ್ಪನಿಗೆ ಹಚ್ಚಿದರು.

ಈರಭದ್ರಪ್ಪ: ಹಲೋ, ತಿಮ್ಮರಾಯಪ್ಪಾ? ನಾನು ಕಣಪ್ಪ... ಹದಿನಾಲ್ಕನೇ ತಾರೀಕು... ನಾನು ಒಪ್ಪಿದ್ದೆ. ಆದ್ರೆ ನಮ್ಮ ಕಂಪ್ಯೂಟ್ರು ಬಿಡ್ತಿಲ್ಲ... ಹೂಂ, ನಾನೂ ಬೇಡ್ಕೊಂಡೆ. ಜಪ್ಪಯ್ಯ ಅಂದ್ರೂ ಕೇಳಲ್ಲ, ಬಲು ಹಟಮಾರಿ... ಏನು? ಹದಿನಾರಕ್ಕೂ ಮುಹೂರ್ತ ಐತೆ, ಛತ್ರಾನೂ ಖಾಲೀನಾ? ಹದಿನಾರಕ್ಕೆ ಆ...

ಕರಿಬಸಮ್ಮ ಗಂಟಲು ಸರಿಮಾಡಿಕೊಂಡರು.

ಈರಭದ್ರಪ್ಪ: ...ಆ ಕಂಪ್ಯೂಟ್ರನ್ನ ಕೇಳಿ ಹೇಳ್ತೀನಿ. ಇಲ್ಲೇ ಕೂತೈತೆ.

ಕರಿಬಸಮ್ಮ ಬೆರಳು ಮಡಚಿ ಎಣಿಸಿ ತಲೆಯಾಡಿಸಿದರು. ಹದಿನಾರಕ್ಕೆ ಆಗಬಹುದು. ತಿಮ್ಮರಾಯಪ್ಪನೂ ಖುಷಿ, ಅಂತರಘಟ್ಟೆಯವರಿಗೂ ತೊಂದರೆಯಿಲ್ಲ. ಕಡೆಗೆ ಒಪ್ಪಂದವಾಯಿತು. ಹೆಸರು ಈರಭದ್ರಪ್ಪನವರದು, ಮುಖಪುಟದಲ್ಲಿ ಫೋಟೋನೂ ಅವರದೇ, ಪಾಸ್‌ವರ್ಡು ಕರಿಬಸಮ್ಮನದು.

ಅಮೂಲ್ಯಾ: ಫೋಟೋ ಎಷ್ಟು ದೊಡ್ಡದಿರ್ಲಿ?

ಕರಿಬಸಮ್ಮ: ಅವರಿಗೆ ತೃಪ್ತಿಯಾಗೋವಷ್ಟು ಹಾಕು. ಗುಂಡಿಗೆ ಒಂಚೂರು ಜಾಗ ಉಳಿದ್ರೆ ಸಾಕು ನನಗೆ.

ಹನ್ನೆರಡು ದಿನ ಕಳೆದು ವೆಬ್‌ಸೈಟು ಸಿದ್ಧವಾಯಿತು. ನೋಡಲು ಕರಿಬಸಮ್ಮ ಒಬ್ಬರೇ ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಬುತ್ತಿಯ ಕ್ಯಾರಿಯರ್ ಹಿಡಿದುಕೊಂಡು.

ಅಮೂಲ್ಯಾ: ಯಜಮಾನ್ರೆಲ್ಲಿ?

ಕರಿಬಸಮ್ಮ: ಕೆಳಗೆ ಪಂಪ್‌ಸೆಟ್ ಅಂಗಡಿ ಬೆಂಚಿನ ಮೇಲೆ ಮುನಿಸ್ಕೊಂಡು ಕೂತವ್ರೆ. ಬರ್ತಾ ಬಸ್ಸಲ್ಲಿ ಯಾರೋ ನಾಮಕರಣಕ್ಕೆ ಕೇಳಿದ್ರು. ಇವರು 'ಆಯ್ತು' ಅಂದ್ರು. ನಾನು 'ವೆಬ್‌ಸೈಟಲ್ಲಿ ಅರ್ಜಿ ಹಾಕಿ' ಅಂದೆ. ಬಸ್ಸಿಗೆ ಬಸ್ಸೇ ನಕ್ತು. ಅಷ್ಟಕ್ಕೇ ಮಾತು ಬಿಟ್ಟವ್ರೆ.

ಅಮೂಲ್ಯಾ: ಊಟ ಆಯ್ತಾ ಅವರದು?

ಕರಿಬಸಮ್ಮ: ಎಲ್ಲಿ ಆಯ್ತದೆ? ಬುತ್ತಿ ನನ್ನ ಹತ್ರ ಐತೆ. ಬನ್ನಿ ಅಂದೆ, ಬರಲ್ಲ ಅಂದ್ರು.

ಗಂಟೆ ಎರಡೂವರೆ ದಾಟಿತ್ತು. ಅಮೂಲ್ಯಾ ವೆಬ್‌ಸೈಟಿನ ವಿಳಾಸವನ್ನು ಇಬ್ಬರ ಫೋನಿಗೂ ಕಳಿಸಿದಳು. ಕರಿಬಸಮ್ಮ ಫೋಟೋ ನೋಡಿ ನಕ್ಕರು, ಕ್ಯಾಲೆಂಡರಿನ ಖಾಲಿ ಮನೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಒಂದು ಮನೆಯ ಮೇಲೆ ಬೆರಳಿಟ್ಟು 'ಅವತ್ತು ಮೊಮ್ಮಗೂನ ತೊಟ್ಟಿಲಿಗೆ ಹಾಕ್ತಾರೆ, ಕೆಂಪು ಮಾಡು' ಅಂದರು. ಮಾಡಿದಳು. ಅಷ್ಟರಲ್ಲಿ ಕರಿಬಸಮ್ಮನ ಫೋನು ಟಿಣ್ ಅಂದಿತು.

ಕರಿಬಸಮ್ಮ: ಅಯ್ಯೋ, ಬಂದೇಬಿಡ್ತಾ? ಕನ್ನಡಕ ಮರೆತು ಬಂದೀನಿ, ಓದವ್ವ ನೀನೇ.

ಅಮೂಲ್ಯಾ: ಹೆಸರು, ಈರಭದ್ರಪ್ಪ, ಶಿವನಿ. ಸ್ಥಳ, ಮೆಟ್ಟಿಲ ಕೆಳಗಿನ ಬೆಂಚು. ದಿನ, ಇವತ್ತೇ. ಕಾರ್ಯಕ್ರಮ, ಮಧ್ಯಾಹ್ನದ ಊಟ. ಎಲೆ, ಒಂದು. ವಿಶೇಷ ಸೂಚನೆ, ಹೊಟ್ಟೆ ಚುರುಗುಟ್ತಾ ಇದೆ, ದಯವಿಟ್ಟು ಬೇಗ ಗುಂಡಿ ಒತ್ತಿ.

ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಣಿಯುತ್ತಿತ್ತು. ಕಣ್ಣೊರೆಸಿಕೊಂಡು, ತೋರುಬೆರಳು ನೀಟಾಗಿ ಚಾಚಿ, ತಮ್ಮ ಬಾಳಿನ ಮೊದಲ ಒಪ್ಪಿಗೆಯನ್ನು ಒತ್ತಿದರು.

ಕರಿಬಸಮ್ಮ: ಜೊತೆಗೆ ಎರಡು ಮಾತು ಬರೀಬಹುದಾ?

ಅಮೂಲ್ಯಾ: ಹೇಳಿ, ಹಾಕ್ತೀನಿ.

ಕರಿಬಸಮ್ಮ: ಹಾಕು. ಬಡಿಸೋದು ನಮ್ದು, ಪಾತ್ರೆ ತೊಳೆಯೋದು ಗಿರಾಕಿಯೋರ್ದು.