ಕರಿಯನ ಕೂದಲು ರಜೆ ಹಾಕಿದ ಪ್ರಕರಣ

ಸಾವಿರದ ಒಂಬೈನೂರ ತೊಂಬತ್ತೆಂಟನೇ ಇಸವಿ ಆಗಸ್ಟ್ ಮೂರನೇ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಹಿರೇಕಟ್ಟೆ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಕರಿಯ ಎಂಬ ನಾಯಿಯು ಕರಿಯ ಅಲ್ಲವೆಂದು ಕಚೇರಿಯು ತೀರ್ಮಾನಿಸಿತು. ತೀರ್ಮಾನವನ್ನು ನಾಯಿಯ ಮುಂದೆಯೇ ಓದಿ ಹೇಳಲಾಯಿತು. ನಾಯಿ ಕಿವಿ ಕೆರೆದುಕೊಂಡಿತು. ಆಕ್ಷೇಪಣೆ ಬಂದಿಲ್ಲವೆಂದು ನಾನೇ ಷರಾ ಬರೆದೆ.

ನಾನು ಆಗ ಆ ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ನಂಬರು ಕೊಡುವುದು ನನ್ನ ಕೆಲಸ. ಅಲ್ಲಿ ನಡೆದದ್ದರಲ್ಲಿ ವಿಚಿತ್ರವೇನೂ ಇಲ್ಲ. ಹೊರಗಿನವರು ಕೇಳುತ್ತಿರುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ.

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸು ನಮ್ಮೂರಲ್ಲಿ ನಿಲ್ಲುವುದು ನೀಲಗಂಗಮ್ಮನವರ ಹಿಟ್ಟಿನ ಗಿರಣಿಯ ಮುಂದೆ. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷದಿಂದ ಆ ಗಿರಣಿಯನ್ನು ಆಕೆಯೇ ನಡೆಸುತ್ತಿದ್ದರು. ಬೆಲ್ಟು ಹರಿದರೆ ಆಕೆಯೇ ಹೊಲಿಯುವರು, ಕಲ್ಲು ಸವೆದರೆ ಆಕೆಯೇ ಕುಳಿತು ಕಚ್ಚು ಹೊಡೆಯುವರು. ಬಾಗಿಲಲ್ಲಿ ಕರಿಯ ಮಲಗಿರುತ್ತಿತ್ತು. ಮೈತುಂಬ ಇದ್ದಿಲಿನಂಥ ಕಪ್ಪು ಕೂದಲು. ಸಂಜೆ ಹೊತ್ತಿಗೆ ಅದರ ಮೇಲೆ ಹಿಟ್ಟು ಬಿದ್ದು ಬೂದಿ ಬಣ್ಣವಾಗುತ್ತಿತ್ತು. ಒಮ್ಮೆ ಮೈ ಕೊಡವಿದರೆ ಮತ್ತೆ ಕರಿಯ.

ಆ ವರ್ಷದ ಏಪ್ರಿಲ್‌ನಲ್ಲಿ ಊರಿನ ಎಲ್ಲ ನಾಯಿ ಬೆಕ್ಕುಗಳನ್ನೂ ನೋಂದಾಯಿಸಬೇಕೆಂದು ಪಂಚಾಯಿತಿ ನಿರ್ಣಯಿಸಿತ್ತು. ಈ ಕೆಲಸ ಕಾಂತರಾಜುವಿಗೆ ಬಂತು. ಕಾಂತರಾಜು ನಮ್ಮ ಕಚೇರಿಯ ಅತ್ಯಂತ ಪ್ರಾಮಾಣಿಕ ನೌಕರ. ಯಾರಿಂದಲೂ ಒಂದು ಲೋಟ ಕಾಫಿ ಕುಡಿದವನಲ್ಲ, ಯಾರಿಗೂ ಒಂದು ಕೆಲಸ ಮಾಡಿಕೊಟ್ಟವನೂ ಅಲ್ಲ. ಅವನು ಮನೆಮನೆಗೆ ಹೋಗಿ ಪ್ರಾಣಿಯ ಹೆಸರು, ಬಣ್ಣ, ರೋಮ ಎಂಬ ಮೂರು ಕಲಮುಗಳನ್ನು ತುಂಬಿದ. ಕರಿಯನ ಎದುರಿಗೆ ‘ಬಣ್ಣ ಕಪ್ಪು, ರೋಮ ದಟ್ಟ’ ಎಂದು ಬರೆದ. ನೋಂದಾಯಿತ ಪ್ರಾಣಿಗಳಿಗೆ ಔಷಧಿ ಉಚಿತ. ಔಷಧಿಯ ಕಪಾಟಿನ ಬೀಗದ ಕೈ ಕಾಂತರಾಜುವಿನ ಉಡಿದಾರದಲ್ಲಿತ್ತು.

ಜುಲೈ ಮಳೆಗೆ ಕರಿಯನಿಗೆ ಕಜ್ಜಿ ಹತ್ತಿತು. ಮೊದಲು ಕಣ್ಣಿನ ಸುತ್ತ ಕೂದಲು ಉದುರಿತು, ಆಮೇಲೆ ಮುಂಗಾಲು, ಆಮೇಲೆ ಬೆನ್ನು. ತಿಂಗಳು ತುಂಬುವಷ್ಟರಲ್ಲಿ ನಾಯಿ ಸುಲಿದ ಗೆಣಸಿನಂತಾಯಿತು. ಹಗಲೆಲ್ಲ ಗೋಡೆಗೆ ಮೈ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿತ್ತು. ರಾಗಿ ತಂದವರು ನಾಯಿಯನ್ನು ನೋಡಿ ಚೀಲ ಹೊತ್ತು ಹಿಂದಕ್ಕೆ ಹೋಗತೊಡಗಿದರು.

ಪಶುವೈದ್ಯ ವಸಂತ ನಾಯಿಯ ಚರ್ಮವನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ನೋಡಿದರು.

“ಏನಿಲ್ಲಮ್ಮ, ಚರ್ಮದೊಳಗೆ ಕಣ್ಣಿಗೆ ಕಾಣದ ಹುಳ ಸೇರಿಕೊಂಡಿದೆ. ವಾರಕ್ಕೊಂದು ಸೂಜಿ, ಔಷಧಿ ನೀರಲ್ಲಿ ಸ್ನಾನ. ಆರು ವಾರದಲ್ಲಿ ಕೂದಲು ಮೊದಲಿನ ಹಾಗೇ ಬರುತ್ತೆ. ಔಷಧಿ ಪಂಚಾಯಿತೀಲಿದೆ, ಈ ಚೀಟಿ ತೋರಿಸಿ.”

ನೀಲಗಂಗಮ್ಮ ಚೀಟಿ ಹಿಡಿದು, ನಾಯಿಯನ್ನು ಕರೆದುಕೊಂಡು ಕಚೇರಿಗೆ ಬಂದರು. ಅದೇ ನಾನು ಮೊದಲು ಹೇಳಿದ ಸೋಮವಾರ. ಕಾಂತರಾಜು ವಹಿ ತೆಗೆದ. ನಾಯಿಯನ್ನು ನೋಡಿದ. ವಹಿಯನ್ನು ನೋಡಿದ.

“ನೀಲಗಂಗಮ್ಮೋರೇ, ಕರಿಯ ಎಲ್ಲಿ?”

“ಇದೇ ಕಣಪ್ಪ ಕರಿಯ. ನಿನ್ನ ಕಾಲ್ತಾವೇ ನಿಂತೈತಲ್ಲ.”

“ಕರಿಯ ಕಪ್ಪು, ದಟ್ಟ ರೋಮ. ಇದಕ್ಕೆ ಬಣ್ಣವೂ ಇಲ್ಲ, ರೋಮವೂ ಇಲ್ಲ. ಮೂರು ಕಲಮಿನಲ್ಲಿ ಎರಡು ತಾಳೆಯಾಗ್ತಿಲ್ಲ.”

“ಅಯ್ಯೋ, ಕೂದ್ಲು ಉದುರೈತೆ ಅಂತಾನೇ ಅಲ್ವಾ ಔಸ್ದಿ ಕೇಳಕ್ ಬಂದಿರಾದು!”

“ಕೂದಲು ಬಂದ ಮೇಲೆ ಕರ್ಕೊಂಡು ಬನ್ನಿ, ಆಗ ಕೂದಲು ಬರೋ ಔಷಧಿ ಕೊಡ್ತೀನಿ. ನಿಯಮ ಇರೋದೇ ಹಾಗೆ.”

ನೀಲಗಂಗಮ್ಮ “ಕರಿಯಾ!” ಎಂದು ಕೂಗಿದರು. ನಾಯಿ ಬಾಲ ಅಲ್ಲಾಡಿಸಿತು. ಕಾಂತರಾಜು ಪಕ್ಷಪಾತವಿಲ್ಲದೆ ತಾನೂ “ರಾಜಾ!” ಎಂದು ಕೂಗಿದ. ಅದಕ್ಕೂ ಅಲ್ಲಾಡಿಸಿತು. ಬಾಲವು ಸಾಕ್ಷ್ಯವಾಗುವುದಿಲ್ಲ ಎಂದು ನಿರ್ಧಾರವಾಯಿತು.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಕರಿಯ ಕಣ್ಣಮುಂದಿಲ್ಲವೆಂದ ಮೇಲೆ ಅದು ಎಲ್ಲಿದೆ ಎಂಬ ಪ್ರಶ್ನೆ ಏಳುವುದು ಸಹಜ. ಮಾರನೇ ದಿನ ನಾನು ಜಾವಕ ನಂಬರು ಕೊಟ್ಟ ನೋಟೀಸು ಹೀಗಿತ್ತು: ‘ನೋಂದಾಯಿತ ನಾಯಿಯಾದ ಕರಿಯನನ್ನು ಮರೆಮಾಚಿ, ಅದರ ಜಾಗದಲ್ಲಿ ಅಪರಿಚಿತ ಬೋಳು ನಾಯಿಯೊಂದಕ್ಕೆ ಆಶ್ರಯ ನೀಡಿರುವ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಕಾರಣ ನೀಡತಕ್ಕದ್ದು. ತಪ್ಪಿದಲ್ಲಿ, ಕಾರಣ ಇಲ್ಲವೆಂದು ಭಾವಿಸಲಾಗುವುದು.’

ನೋಟೀಸಿನ ಜೊತೆಗೇ ನಾಯಿ ಹಿಡಿಯುವವರೂ ಹೋದರು. ಅಪರಿಚಿತ ನಾಯಿಯನ್ನು ತಂದು ಕಚೇರಿಯ ಹಿಂದಿನ ದೊಡ್ಡಿಗೆ ಸೇರಿಸಿದರು. ಅಲ್ಲಿ ಮೊದಲೇ ಒಂದು ಹೋರಿ ಇತ್ತು. ವಾರ ಮುಗಿದರೆ ವಾರಸುದಾರರಿಲ್ಲದ ನಾಯಿಯನ್ನು ಊರಾಚೆ ದೂರ ಸಾಗಿಸಿ ಬಿಡುವುದು ವಾಡಿಕೆ. ಮೈಮೇಲೆ ಕೂದಲಿಲ್ಲದ ನಾಯಿ, ಮೇಲೆ ಸೋನೆ ಮಳೆ. ಬಿಟ್ಟ ಜಾಗದಲ್ಲಿ ಎರಡು ದಿನ ಬದುಕಿದ್ದರೆ ಹೆಚ್ಚು.

ನೀಲಗಂಗಮ್ಮ ಗಿರಣಿಗೆ ಬೀಗ ಹಾಕಿದರು. ಬಂದು ದೊಡ್ಡಿಯ ಕಂಬಿಗೆ ಒರಗಿ ಕುಳಿತರು. ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಕಂಬಿಯೊಳಗೆ ಕೈ ತೂರಿಸಿ ತಿನ್ನಿಸಿದರು. ತಮ್ಮ ಹಳೇ ಶಾಲನ್ನು ನಾಯಿಗೆ ಹೊದಿಸಿದರು. ಹೋರಿ ಅದನ್ನು ತಿಂದಿತು. ನಾನು ಮಧ್ಯಾಹ್ನ ಊಟಕ್ಕೆ ಹೋಗುವಾಗ ಆಕೆ ನಾಯಿಗೆ ಹೇಳುತ್ತಿದ್ದರು: “ಎದೆಗುಂದ್ಬ್ಯಾಡ ಕಣ್ಲಾ. ನೀನು ಯಾರು ಅಂತ ನಂಗೊತ್ತೈತೆ.” ಆಕೆಯ ಕಣ್ಣು ಒದ್ದೆಯಾಗಿತ್ತು. ಕಣ್ಣೀರಿಗೆ ಆವಕ ನಂಬರು ಕೊಡುವ ಪದ್ಧತಿ ಇಲ್ಲದ್ದರಿಂದ ನಾನು ಮುಂದಕ್ಕೆ ಹೋದೆ.

ಮೂರು ದಿನ ಊರಿನಲ್ಲಿ ಹಿಟ್ಟಿಲ್ಲ. ಜನ ರಾಗಿ ಹೊತ್ತುಕೊಂಡು ಕೊಣನೂರಿನ ಬಸ್ಸು ಹತ್ತಿದರು. ಕಾಂತರಾಜುವಿನ ಮನೆಯಲ್ಲೂ ಮೂರು ಹೊತ್ತು ಅನ್ನ. ಮುದ್ದೆಯಿಲ್ಲದೆ ಹೊಟ್ಟೆ ತುಂಬಿದ ಹಾಗೇ ಆಗುತ್ತಿಲ್ಲ ಎಂದು ಅವನು ನನ್ನ ಬಳಿ ಹೇಳಿಕೊಂಡ. ಆದರೆ ವಹಿ ತಿದ್ದಲಿಲ್ಲ. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಶುಕ್ರವಾರ ನೀಲಗಂಗಮ್ಮ ಡಾಕ್ಟರ್ ವಸಂತ ಅವರನ್ನು ಕರೆದುಕೊಂಡು ಮುಖ್ಯಾಧಿಕಾರಿ ಆತ್ರೇಯ ಅವರ ಕೋಣೆಗೆ ನುಗ್ಗಿದರು. ನಾನು ಮತ್ತು ಕಾಂತರಾಜು ಕಡತ ಹಿಡಿದು ಹಿಂದೆ ನಿಂತೆವು. ಆತ್ರೇಯರು ಸಜ್ಜನರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಲೆ ಹಿತ್ತಾಳೆಯ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

“ಕೂತ್ಕೊಳ್ಳಿ ಅಮ್ಮಾ. ನಿಯಮ ನಾನು ಮಾಡಿದ್ದಲ್ಲ. ದಾಖಲೆಯಲ್ಲಿ ಇರೋ ಹಾಗೆ ಪ್ರಾಣಿ ಇರಬೇಕಲ್ಲವೇ?”

ನೀಲಗಂಗಮ್ಮ ಕೂರಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಗುರುತಿನ ಚೀಟಿಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು.

“ಇದ್ಯಾರು ಸಾ?”

“ನಾನೇ.”

“ಈ ಪಾಟಿ ಗುಂಗುರು ಕೂದ್ಲು?”

“ಅದು ಅರವತ್ತೊಂಬತ್ತರಲ್ಲಿ, ಕೆಲಸಕ್ಕೆ ಸೇರಿದಾಗ ತೆಗೆಸಿದ ಫೋಟೋ.”

“ಮತ್ತೆ ಈಗ ಆ ಕುರ್ಚಿ ಮ್ಯಾಲೆ ಕುಂತಿರಾರ್ ಯಾರು?”

ಆಗ ಕಾಂತರಾಜು ಮುಂದೆ ಬಂದು ಚೀಟಿಯನ್ನು ಇಸಿದುಕೊಂಡು ಓದಿದ. ಅವನಲ್ಲಿ ಯಾವ ದುರುದ್ದೇಶವೂ ಇರಲಿಲ್ಲ.

“ಸಾರ್, ಚೀಟಿಯಲ್ಲಿ ‘ಗುರುತು: ದಟ್ಟವಾದ ಗುಂಗುರು ಕೂದಲು’ ಅಂತಿದೆ. ತಮ್ಮದು ತಾಳೆಯಾಗ್ತಿಲ್ಲ. ಆತ್ರೇಯ ಅವರು ಕಾಣೆಯಾಗಿದ್ದಾರೆ ಅಂತ ಪ್ರಕಟಣೆ ಹೊರಡಿಸಬೇಕಾಗುತ್ತೆ. ಕರಡು ಸಿದ್ಧ ಮಾಡಲೇ?”

“ಕಾಂತರಾಜು!”

“ಸಹಿ ಯಾರದು ಹಾಕಿಸೋದು ಅಂತ ಮಾತ್ರ ಗೊತ್ತಾಗ್ತಿಲ್ಲ ಸಾರ್.”

ಆತ್ರೇಯರು ಕರವಸ್ತ್ರದಿಂದ ತಲೆ ಒರೆಸಿಕೊಂಡರು. ಕಿಟಕಿಯಾಚೆ ದೊಡ್ಡಿಯಲ್ಲಿದ್ದ ನಾಯಿಯನ್ನು ಬಹಳ ಹೊತ್ತು ನೋಡಿದರು. ಆ ನಾಯಿಯ ಬಗ್ಗೆ ಅವರಿಗೆ ಅದೇ ಮೊದಲ ಸಲ ಏನೋ ಅನಿಸಿರಬೇಕು.

“ಡಾಕ್ಟ್ರೇ, ಕೂದಲು ಉದುರಿದರೆ ಪ್ರಾಣಿ ಬೇರೆ ಆಗುತ್ತೇನ್ರಿ?”

“ಇಲ್ಲ ಸಾರ್. ನಾಯಿ ಅದೇ. ಕೂದಲು ಮಾತ್ರ ಇಲ್ಲ.”

“ಇಲ್ಲ ಅಂದ್ರೆ ದಾಖಲೆಯಲ್ಲಿ ಏನಂತ ಬರೆಯೋದು?”

ನೀಲಗಂಗಮ್ಮನವರಿಗೆ ಸಾಕಾಗಿತ್ತು. “ಅಯ್ಯೋ ಸಾ, ಕೂದ್ಲು ರಜಾ ಹಾಕೈತೆ ಅಂತ ಬರ್ಕಳಿ! ನೀವು ರಜಾ ಹಾಕಿದ್ರೆ ಕಚೇರಿ ಇಲ್ದಂಗಾಯ್ತದಾ?”

ರಜೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಕೋಣೆಯಲ್ಲಿದ್ದ ನಮ್ಮ ಮೂವರು ನೌಕರರ ಮುಖದಲ್ಲೂ ಬೆಳಕು ಮೂಡಿತು. ಎಷ್ಟು ಸರಳವಾದ ವಿಷಯ! ಅರ್ಧ ಗಂಟೆಯಲ್ಲಿ ಆದೇಶ ಸಿದ್ಧವಾಯಿತು:

‘ವ್ಯಾಪ್ತಿಯ ಯಾವುದೇ ಪ್ರಾಣಿಯ ಅಥವಾ ಅಧಿಕಾರಿಯ ರೋಮವು ಉದುರಿದಲ್ಲಿ, ಸದರಿ ರೋಮವು ರಜೆಯ ಮೇಲೆ ತೆರಳಿರುವುದಾಗಿ ಪರಿಗಣಿಸತಕ್ಕದ್ದು. ರೋಮದ ಗೈರುಹಾಜರಿಯಿಂದ ಪ್ರಾಣಿಯ ಅಥವಾ ಅಧಿಕಾರಿಯ ಅಸ್ತಿತ್ವಕ್ಕೆ ಬಾಧೆಯಿಲ್ಲ. ರೋಮದ ಪರವಾಗಿ ಮಾಲೀಕರು ರಜೆ ಅರ್ಜಿ ಸಲ್ಲಿಸತಕ್ಕದ್ದು. ಮರಳಿ ಬಂದ ರೋಮವು ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು.’

ಕರಿಯನ ಕೂದಲಿಗೆ ಆರು ವಾರಗಳ ವೈದ್ಯಕೀಯ ರಜೆ ಮಂಜೂರಾಯಿತು. ಆತ್ರೇಯರ ಕೂದಲಿಗೆ ನಿವೃತ್ತಿಪೂರ್ವ ರಜೆ. ಕಾಂತರಾಜು ಉಡಿದಾರದಿಂದ ಬೀಗದ ಕೈ ಬಿಚ್ಚಿ, ಕಪಾಟು ತೆರೆದು, ಸೀಸೆಗಳನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ನಾಯಿ ಬಿಡುಗಡೆಯಾದ ಅರ್ಧ ಗಂಟೆಗೆ ಗಿರಣಿ ಶುರುವಾದ ಸದ್ದು ಕಚೇರಿಗೆ ಕೇಳಿಸಿತು. ಕಾಂತರಾಜು ಆ ದಿನ ಹತ್ತು ನಿಮಿಷ ಮುಂಚೆ ಮನೆಗೆ ಹೊರಟ.

ಔಷಧಿ ಹಿಡಿಯಿತು. ಎರಡನೇ ವಾರಕ್ಕೆ ಕೆರೆತ ನಿಂತಿತು, ನಾಲ್ಕನೇ ವಾರಕ್ಕೆ ಬೆನ್ನ ಮೇಲೆ ನವಣೆ ಪೈರಿನ ಹಾಗೆ ಕೂದಲು ಹುಟ್ಟಿತು. ಸೆಪ್ಟೆಂಬರ್ ಕೊನೆಯಲ್ಲಿ ನೀಲಗಂಗಮ್ಮ ನಾಯಿಗೆ ಸ್ನಾನ ಮಾಡಿಸಿ, ಬಾಚಿ, ಕಚೇರಿಗೆ ಕರೆತಂದರು. ಕಾಂತರಾಜು ಮೊಣಕಾಲೂರಿ ಕುಳಿತು ಪರೀಕ್ಷಿಸಿದ.

“ಎಲ್ಲಾ ಹಾಜರಿದೆ. ಗದ್ದದ ಹತ್ತಿರ ಮಾತ್ರ ಹೋದದ್ದು ಕರಿ ಕೂದಲು, ಬಂದಿರೋದು ಬಿಳಿ.”

“ವಯಸ್ಸಾಯ್ತಲ್ಲಪ್ಪ ಅದಕ್ಕೂ.”

“ಪರವಾಗಿಲ್ಲ ಬಿಡಿ. ಅವರು ವರ್ಗವಾದರು, ಇವರು ಬಂದು ಸೇರಿಕೊಂಡರು ಅಂತ ಬರೀತೀನಿ.” ಹಾಗೆಯೇ ಬರೆದ. ಕರಿಯ ಅವನ ಕೈ ನೆಕ್ಕಿತು. ಕೈಯನ್ನು ಅವನು ಒರೆಸಿಕೊಳ್ಳಲಿಲ್ಲ.

ಆಮೇಲೆ ಈ ವ್ಯವಸ್ಥೆ ಊರಿಗೆ ಒಗ್ಗಿಹೋಯಿತು. ಚಿಗಟದಿಂದ ಬಾಲ ಬೋಳಾದ ನಾಯಿಗಳು, ಬಾಣಂತನದಲ್ಲಿ ಕೂದಲು ಕಳಚಿದ ಬೆಕ್ಕುಗಳು, ಎಲ್ಲದರ ಅರ್ಜಿಯೂ ಮಂಗಳವಾರ ಶುಕ್ರವಾರ ಬರತೊಡಗಿತು. ನಾನು ಮೊಹರು ಒತ್ತುತ್ತಾ ಹೋದೆ. ಡಿಸೆಂಬರ್‌ನ ಒಂದು ಶುಕ್ರವಾರ ಪ್ರೌಢಶಾಲೆಯ ಟೀಚರ್ ಪ್ರೇಮಕುಮಾರಿ ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಬಂದರು. ಬೆಕ್ಕಿಗೆ ಹುಳುಕಡ್ಡಿಯಾಗಿ ಅಲ್ಲಲ್ಲಿ ಉಂಗುರದ ಹಾಗೆ ಕೂದಲು ಹೋಗಿತ್ತು. ಕಾಂತರಾಜು ವಹಿ ತೆರೆದ.

“ಎಲ್ಲೆಲ್ಲಿ ರಜೆ, ಮೇಡಂ?”

“ಎಡಗಿವಿ ಹಿಂದೆ ಒಂದು, ಹೊಟ್ಟೆ ಮೇಲೆ ಒಂದು.” ಟೀಚರ್ ಸೀರೆಯ ಸೆರಗು ಸರಿಸಿ ತಮ್ಮ ಮೊಣಕೈ ತೋರಿಸಿದರು. ಅಲ್ಲೂ ಕೆಂಪಗೆ ಒಂದು ಉಂಗುರ. “ಅದನ್ನ ಎತ್ತಿಕೊಂಡು ನನಗೂ ಅಂಟಿದೆ. ಇದಕ್ಕೂ ಬರೀಬೇಕಾ?”

“ನಿಮ್ಮದಕ್ಕೆ ಬೇರೆ ಅರ್ಜಿ. ಬೆಕ್ಕಿನದರಲ್ಲಿ ಸೇರಿಸೋಕೆ ಬರಲ್ಲ.”

“ಬೆಕ್ಕಿನ ಅರ್ಜಿಗೆ ಸಹಿ ನಂದೇ ಸಾಕಾ?”

“ನಿಮ್ಮದು ಸಾಕು. ನಿಮ್ಮ ಅರ್ಜಿಗೆ ಮಾತ್ರ ಬೆಕ್ಕಿನ ಹೆಬ್ಬೆಟ್ಟು ಬೇಕು. ಸಾಕ್ಷಿ ಅಂತ.”

ಟೀಚರ್ ಸರಿ ಎಂದು ತಲೆಯಾಡಿಸಿ ಬೆಕ್ಕನ್ನು ಬುಟ್ಟಿಯಿಂದ ಎತ್ತಿದರು. ಹಿಂದೆ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬರು, “ಬಲಗಾಲಿಂದು ಒತ್ಸಿ ಟೀಚರ್, ಎಡಗಾಲಿಂದಾದ್ರೆ ವಾಪಸ್ ಕಳಿಸ್ತಾರೆ,” ಎಂದರು. ನಾನು ಶಾಯಿ ಪ್ಯಾಡನ್ನು ಮುಂದಕ್ಕೆ ತಳ್ಳಿದೆ.