ಮಾವನ ಅರವತ್ತಕ್ಕೆ ರೇಷ್ಮೆಯ ಪೆಟ್ಟಿಗೆ

ಗುರಲಿಂಗಪ್ಪನವರೊಂದಿಗೆ ಸೀತಾರಾಮನ ಮೊದಲ ಮಾತುಕತೆ ಏರ್ಪಟ್ಟದ್ದು ಚೆಂಬೂರು ಸ್ಟೇಷನ್ನಿನೆದುರಿನ ಉಡುಪಿ ಹೋಟೆಲಿನಲ್ಲಿ. ಗಲ್ಲಾದಲ್ಲಿ ಕೂರುವ ಚೆನ್ನಯನವರೇ ಮಧ್ಯಸ್ಥರು. ಗುರಲಿಂಗಪ್ಪ ಘಾಟ್ಕೋಪರಿನ ಗಲ್ಲಿಯೊಂದರಲ್ಲಿ ಒಡವೆಯಂಗಡಿಗಳಿಗೆ ಕೈಯಿಂದ ಪೆಟ್ಟಿಗೆ ಮಾಡಿಕೊಡುವ ವಿಜಾಪುರದವರು. ಎರಡನೆಯ ಚಹಾ ಮುಗಿಯುವವರೆಗೆ ವ್ಯವಹಾರದ ಮಾತೆತ್ತುವವರಲ್ಲ ಎಂದು ಚೆನ್ನಯ ಎಚ್ಚರಿಸಿದ್ದರು. ಸೀತಾರಾಮ ಮೂರು ಕುಡಿಸಿದ.

ಕಾರಣ ಸಣ್ಣದಲ್ಲ. ಮಾವ ರಾಮಸ್ವಾಮಿಯವರಿಗೆ ಅರವತ್ತು ತುಂಬಿ ಷಷ್ಟ್ಯಬ್ದಿ ಶಾಂತಿ ನಿಶ್ಚಯವಾಗಿತ್ತು. ನೌಕರಿಯ ಜೊತೆಗೆ ಬೆಳಗಿನ ಲೋಕಲ್ಲೂ ಅವರ ಬದುಕಿನಿಂದ ಇಳಿದುಹೋಗಿತ್ತು. ಆ ಬೋಗಿಯಲ್ಲಿ ತೊಡೆಗಳ ಮೇಲೆ ಬ್ರೀಫ್‌ಕೇಸಿಟ್ಟು ಇಸ್ಪೀಟಾಡುತ್ತಲೇ ವೀಟಿ ಸ್ಟೇಷನ್ ತಲುಪುತ್ತಿದ್ದ ಅವರ ಗೆಳೆಯರ ಬಳಗವನ್ನು ಸೀತಾರಾಮ ವರ್ಷಗಳಿಂದ ಕಪ್ಪು-ಬಿಳುಪಿನಲ್ಲಿ ಹಿಡಿದಿಟ್ಟಿದ್ದ. ಬಚ್ಚಲನ್ನೇ ಡಾರ್ಕ್‌ರೂಮ್ ಮಾಡಿಕೊಂಡು, ಮನೆಮಂದಿಯ ಭಾನುವಾರದ ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳಿ, ಆಯ್ದ ಚಿತ್ರಗಳನ್ನು ತಾನೇ ಮುದ್ರಿಸಿದ್ದ. ಮಾವನವರು ಈ ಕಲೆಯನ್ನು ಅದುವರೆಗೆ ‘ಬಣ್ಣಕ್ಕೆ ಗತಿಯಿಲ್ಲದ ಫೋಟೋ’ ಎಂದೇ ಕರೆದವರು. ಅವರ ಬಾಯಿಂದ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕು, ಅದಕ್ಕೆ ತಕ್ಕ ಪೆಟ್ಟಿಗೆ ಬೇಕು ಎಂಬುದು ಅಳಿಯನ ಭೀಷ್ಮಪ್ರತಿಜ್ಞೆ.

ಕಪ್ಪು ಬಟ್ಟೆ ಹೊದಿಸಿರಬೇಕು, ಕೈಬಿಟ್ಟರೆ ಮುಚ್ಚಳ ಗಾಳಿಯ ಮೇಲೆ ತೇಲುತ್ತ ತಾನಾಗಿ ಕೂರಬೇಕು ಎಂದು ಅವನು ವಿವರಿಸಿದ.

“ಕರೇ ಬಟ್ಟಿ ಹಾಕಾಕ ಇದೇನ್ ವಕೀಲರ ಕೋಟೇನ್ರಿ?” ಎಂದರು ಗುರಲಿಂಗಪ್ಪ. “ಮುಚ್ಚಳದ್ದು ನನಗ ಬಿಡ್ರಿ. ಬಣ್ಣ ಮಾತ್ರ ಮನ್ಯಾಗ ಕೇಳ್ಕೊಂಡ್ ಬರ್ರಿ.”

ಕೇಳಿದ. ಹೆಂಡತಿ ಪಂಕಜಾ ಸೌಟು ಕೆಳಗಿಟ್ಟಳು.

“ಅಪ್ಪನ ಶಾಂತಿಗೆ ಕಪ್ಪು ಪೆಟ್ಟಿಗೇನಾ?”

“ಫೋಟೋಗೆ ಕಪ್ಪೇ ಘನತೆ ಕಣೇ. ಹೊರದೇಶದಲ್ಲೆಲ್ಲ ಹೀಗೇ.”

“ಹೊರದೇಶದಲ್ಲಿ ನಮ್ಮಮ್ಮ ಇಲ್ಲ.”

ಬಿಳಿ ಅಂದ; ಅದು ಇನ್ನೂ ಕೆಟ್ಟದ್ದೆಂದಳು. ಬೂದು ಅಂದ; ಸೌಟನ್ನು ಮತ್ತೆ ಕೈಗೆತ್ತಿಕೊಂಡಳು. ಕೊನೆಗೆ ಪೆಟ್ಟಿಗೆ ಕುಂಕುಮದ ಬಣ್ಣದ ರೇಷ್ಮೆಯುಟ್ಟು, ಜರಿಯ ಅಂಚಿನೊಂದಿಗೆ ಸಿದ್ಧವಾಯಿತು. ಮುಚ್ಚಳ ಮಾತ್ರ ಸಿಂಹಾಸನಕ್ಕೆ ಮಹಾರಾಜರು ಇಳಿದಂತೆ ನಿಧಾನವಾಗಿ ಇಳಿಯುತ್ತಿತ್ತು. ಅವನು ಅದನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಪಂಕಜಾ ಕಸಿದುಕೊಳ್ಳುವವರೆಗೂ ಬಿಡಲಿಲ್ಲ.

ಶಾಂತಿಯ ದಿನ ಅಷ್ಟು ಮಂಗಳಕರವಾದ ವಸ್ತುವನ್ನು ಹೋಮಕುಂಡದ ಪಕ್ಕದಲ್ಲಲ್ಲದೆ ಇನ್ನೆಲ್ಲಿಡುವುದು? ಚಿತ್ರಗಳನ್ನು ಒಳಗೆ ತುಂಬಿ ಅಲ್ಲೇ ಇಟ್ಟ. ಅತ್ತೆ ಪುಟ್ಟಲಕ್ಷ್ಮಮ್ಮನವರು ಅದನ್ನು ದಾನದ ಸಾಮಾನೆಂದೇ ತಿಳಿದು, ಮೇಲೊಂದು ತೆಂಗಿನಕಾಯಿ, ವೀಳ್ಯದೆಲೆ ಇಟ್ಟರು. ರಾಮಸ್ವಾಮಿಯವರು ನೀರು ಬಿಟ್ಟು, ಅದನ್ನು ಸ್ವಹಸ್ತದಿಂದ ಪುರೋಹಿತರಿಗೆ ಧಾರೆಯೆರೆದರು. ಆ ಪುಣ್ಯಕಾಲದಲ್ಲಿ ಸೀತಾರಾಮ ಕಂಬದ ಮರೆಯಲ್ಲಿ ಕ್ಯಾಮರಾಕ್ಕೆ ಹೊಸ ರೋಲು ತುಂಬುತ್ತಿದ್ದ.

ಮರುದಿನವೇ ಪುರೋಹಿತರ ಮನೆಗೆ ಓಡಿದ. ಕೊಟ್ಟ ದಾನವನ್ನು ಹಿಂದಕ್ಕೆ ಪಡೆದರೆ ಇಬ್ಬರಿಗೂ ದೋಷವೆಂದು ಅವರು ಕಣ್ಣುಮುಚ್ಚಿ ಕೂತರು. ಬಹಳ ಯೋಚಿಸಿದ ಮೇಲೆ ತೀರ್ಪು ಹೊರಬಿತ್ತು.

“ಧಾರೆ ಎರೆದದ್ದು ಪೆಟ್ಟಿಗೆ. ಒಳಗಿನದ್ದು ಸಂಕಲ್ಪದಲ್ಲಿ ಬಂದಿಲ್ಲ. ಅದನ್ನ ತಗೊಂಡುಹೋಗಿ. ಪೆಟ್ಟಿಗೆ ಬಿಡಿ, ನನ್ನ ಮಡಿಪಂಚೆಗೆ ಹೇಳಿ ಮಾಡಿಸಿದ ಹಾಗಿದೆ.”

ಯಾರು ಹೇಳಿ ಮಾಡಿಸಿದ್ದೆಂದು ಸೀತಾರಾಮ ಬಾಯಿಬಿಡಲಿಲ್ಲ.

ಹೀಗೆ ಆ ಅಮೂಲ್ಯ ಚಿತ್ರಗಳು ಮುಂದಿನ ಭಾನುವಾರ ಹಳೆಯ ಮರಾಠಿ ಪೇಪರಿನಲ್ಲಿ ಸುತ್ತಿಕೊಂಡು ಘಾಟ್ಕೋಪರಿನ ಮಾವನ ಮನೆಗೆ ಬಂದವು. ರಾಮಸ್ವಾಮಿಯವರು ಚಕ್ಕುಲಿ ಮುರಿದ ಬೆರಳಲ್ಲೇ ಮೊದಲನೆಯದನ್ನೆತ್ತಿದರು. ಎಣ್ಣೆಯ ಗುರುತು ಬಿದ್ದೀತೆಂದು ಸೀತಾರಾಮ ಟವೆಲು ಚಾಚಿದ. ಆದರೆ ಅವರು ಚಕ್ಕುಲಿಯನ್ನು ಮರೆತಿದ್ದರು. ಇದು ಬೈಕಲಾ ದಾಟಿದ ಮೇಲಿನ ಬಿಸಿಲು ಎಂದರು. ಕರ್ಚೀಫು ಹಾಸಿ ಎಲ್ಲರಿಗೂ ಸೀಟು ಹಿಡಿಯುತ್ತಿದ್ದವನು ಈಗಿಲ್ಲ ಎಂದರು. ಕಿಟಕಿಯ ಪಕ್ಕ ನಿದ್ದೆ ಹೋಗಿದ್ದವನನ್ನು ಹೆಬ್ಬೆರಳಿನಿಂದ ಸವರಿದರು. ಅವರ ದನಿ ಒದ್ದೆಯಾಗಿತ್ತು. ಅಳಿಯ ಆ ಒಂದು ಭೇಷ್‌ಗಾಗಿ ಕಾದ.

ಕೊನೆಯ ಚಿತ್ರವನ್ನು ಅವರು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು.

“ಪಂಕೂ, ನನ್ನ ಕನ್ನಡಕ ತಾ.”

ತಂದಳು.

“ಪೆನ್ನೂ ತಾ. ನೋಡೋ ಸೀತಾರಾಮ, ನಮ್ಮ ಬೋಗಿಯ ನಾಣಿ ಪಕ್ಕದಲ್ಲಿ ಕೂತು ನನ್ನ ಇಸ್ಪೀಟೆಲೆ ಇಣುಕಿ ನೋಡ್ತಿದಾನೆ! ಇಷ್ಟು ವರ್ಷ ನಾನು ಸೋತಿದ್ದು ಹೀಗೆ!”

ಚಿತ್ರವನ್ನು ಬೋರಲು ಹಾಕಿ, ಅಕ್ಷರಗಳು ಮುಂಬದಿಗೆ ಉಬ್ಬುವಷ್ಟು ಒತ್ತಿ ಏನೋ ಬರೆದರು. ಅದನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ, ಮಾಟುಂಗಾದ ನಾಣಿಯ ಮನೆಗೆ ಲೋಕಲ್ ಹಿಡಿಯಲು ಹೊರಟೇಬಿಟ್ಟರು.

ಸೀತಾರಾಮನ ಛಾಯಾಚಿತ್ರಕಲೆಯ ಬಗ್ಗೆ ಮಾವನವರ ಏಕೈಕ ಲಿಖಿತ ಅಭಿಪ್ರಾಯ ಆ ಚಿತ್ರದ ಬೆನ್ನ ಮೇಲೆ ಇಂದಿಗೂ ಇದೆ: “ನಾಣಿ ಕಳ್ಳ. ಇದೇ ಸಾಕ್ಷಿ. ರಾಮಸ್ವಾಮಿ, 9 ನವೆಂಬರ್ 1986.”